ಕಿಟಕಿಯಕ್ಕನ ಮಡಿಕೆ

ಹರಳಿನ ಬೀದಿಯಲ್ಲಿ ಎಲ್ಲರೂ ಅವಳನ್ನು ಕಿಟಕಿಯಕ್ಕ ಎಂದೇ ಕರೆಯುತ್ತಿದ್ದರು. ಹಲ್ಲುದುರಿದ ದಲ್ಲಾಳಿಗೂ ಅವಳು ಅಕ್ಕ, ಮೊನ್ನೆ ಮೊನ್ನೆ ಅಂಗಡಿಯ ಬಾಗಿಲು ತೆರೆದವನಿಗೂ ಅಕ್ಕ. ಬಸ್ ಕಂಡಕ್ಟರಾಗಿ ದುಡಿದು ನಿವೃತ್ತನಾಗಿದ್ದ ಅವಳ ಗಂಡ ಇದನ್ನೇ ಹಿಡಿದುಕೊಂಡು ಆಗಾಗ ಗೊಣಗುತ್ತಿದ್ದ: "ಊರಿಗೆಲ್ಲ ನೀನು ಅಕ್ಕ ಆದ್ಮೇಲೆ ಊರಿಗೆಲ್ಲ ನಾನು ಭಾವ. ಇಷ್ಟು ಜನ ಬಾಮೈದಂದಿರಲ್ಲಿ ಒಬ್ಬನಾದ್ರೂ ಕರೆದು ಒಂದು ಲೋಟ ಟೀ ಕುಡಿಸಿದ್ನಾ?"

ಅವಳು ಕೂರುತ್ತಿದ್ದ ಕೋಣೆ ಗಡಿಯಾರ ರಿಪೇರಿ ಅಂಗಡಿಯ ಮೇಲಿತ್ತು. ಕಿರಿದಾದ ಹದಿನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಒಳಗೆ ಕಾಲಿಟ್ಟರೆ ಕಣ್ಣಿಗೆ ಬೀಳುವುದು ಉತ್ತರಕ್ಕೆ ತೆರೆದ ದೊಡ್ಡ ಕಿಟಕಿ, ಅದರ ಕೆಳಗೊಂದು ಮೇಜು, ಮೇಜಿನ ಮೇಲೆ ಹಾಸಿದ ಬಿಳಿ ಕಾಗದ. ಒಂದು ಚಿಮಟ, ಕೊರಳಿಗೆ ನೇತುಹಾಕಿಕೊಳ್ಳಲು ದಾರ ಕಟ್ಟಿದ ಮಸೂರ, ಗಾಜಿನ ಬಟ್ಟಲಲ್ಲಿ ನೀರು. ಕಿಟಕಿಯ ಅಂಚಿನಲ್ಲಿ ಡಬ್ಬಿಯೊಂದರಲ್ಲಿ ಬೆಳೆಸಿದ ಹಸಿರು ಗಿಡ. ಅದು ಅಂದಕ್ಕೆ ಇಟ್ಟದ್ದಲ್ಲ. ಕೆಂಪು ಹರಳುಗಳನ್ನು ಒಂದೇ ಸಮನೆ ನೋಡುತ್ತಿದ್ದರೆ ಕಣ್ಣು ಸೋತು ಮಂಕಾದದ್ದೂ ಚೆನ್ನ, ಚೆನ್ನಾದದ್ದೂ ಮಂಕು ಅನ್ನಿಸತೊಡಗುತ್ತದೆ. ಇಪ್ಪತ್ತು ಹರಳು ನೋಡಿದ ಮೇಲೆ ಅವಳು ಆ ಎಲೆಗಳ ಕಡೆ ತಿರುಗಿ ಕಣ್ಣಿಗೆ ವಿಶ್ರಾಂತಿ ಕೊಡುತ್ತಿದ್ದಳು. ಎದುರಿಗೆ ಕೂತವನು ಎಷ್ಟೇ ಅವಸರದವನಿರಲಿ, ಬಾಯಿ ಮುಚ್ಚಿಕೊಂಡು ಕಾಯಬೇಕು.

ಅವಳ ಕೆಲಸ ಇಷ್ಟೇ. ಕೆಂಪು, ಅಂದರೆ ಮಾಣಿಕ್ಯ, ಕೊಳ್ಳುವವರು, ಮಾರುವವರು ತಮ್ಮ ಹರಳನ್ನು ತಂದು ಅವಳ ಮುಂದಿಡುತ್ತಿದ್ದರು. ಅವಳು ನೋಡಿ, ಇದು ನಿಜವಾದ ಕೆಂಪು, ಇದು ಕೆಂಪಿನ ವೇಷ ಹಾಕಿದ ಬೇರೆ ಕಲ್ಲು, ಇದು ಕುಲುಮೆಯಲ್ಲಿ ಹುಟ್ಟಿದ್ದು ಎಂದು ಹೇಳುತ್ತಿದ್ದಳು. ಹರಳು ಒಳ್ಳೆಯದಿದ್ದರೂ ಕೆಟ್ಟದ್ದಿದ್ದರೂ ಅವಳ ಕೂಲಿ ಒಂದೇ. ಒಳ್ಳೆಯದೆಂದು ಕಂಡದ್ದನ್ನು ಮಾತ್ರ ಬಿಳಿ ಕಾಗದದಲ್ಲಿ ಪೊಟ್ಟಣ ಕಟ್ಟಿಕೊಡುತ್ತಿದ್ದಳು.

ಆ ಪೊಟ್ಟಣವೇ ಅವಳ ರುಜು. ಏಳು ಮಡಿಕೆ, ಕೊನೆಯ ಮಡಿಕೆಯ ಮೂಲೆಯನ್ನು ಉಗುರಿನಿಂದ ಗೀರಿ, ಒಳಕ್ಕೆ ತಿರುವಿ ಸಿಕ್ಕಿಸಿದರೆ ತಲೆಕೆಳಗು ಮಾಡಿ ಕೊಡವಿದರೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಅವಳು ಔಷಧಿ ಅಂಗಡಿಯೊಂದರಲ್ಲಿ ಪುಡಿಗಳಿಗೆ ಪೊಟ್ಟಣ ಕಟ್ಟುವ ಕೆಲಸಕ್ಕಿದ್ದಳು. ಒಂದು ಚಿಟಿಕೆ ಪುಡಿಯೂ ಚೆಲ್ಲದ ಆ ಕೈಯನ್ನು ನೋಡಿ ಹರಳಿನ ವ್ಯಾಪಾರಿಯೊಬ್ಬ ಕರೆದು ತನ್ನಲ್ಲಿಟ್ಟುಕೊಂಡ. ಮೊದಮೊದಲು ಕಾಗದ ಮಡಿಸುವುದಷ್ಟೇ ಕೆಲಸ. ಮಡಿಸುವ ಮುಂಚೆ ಒಳಗಿರುವುದನ್ನು ಒಮ್ಮೆ ನೋಡದೆ ಇರಲು ಯಾವ ಕಣ್ಣಿಗೆ ಸಾಧ್ಯ? ನೋಡುತ್ತ ನೋಡುತ್ತ ಹತ್ತು ವರ್ಷದಲ್ಲಿ ಆ ವ್ಯಾಪಾರಿಯೇ ಅವಳನ್ನು ಕೇಳಿ ಕೊಳ್ಳುವಂತಾಯಿತು. ಯಾರೂ ಕೂರಿಸಿಕೊಂಡು ಕಲಿಸಿದ ವಿದ್ಯೆಯಲ್ಲ ಅದು.

ಬೀದಿಯಲ್ಲೊಂದು ಕಟ್ಟುಪಾಡಿತ್ತು. ಕಿಟಕಿಯಕ್ಕನ ಮಡಿಕೆಯಿರುವ ಪೊಟ್ಟಣವನ್ನು ನಡುವೆ ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ದಲ್ಲಾಳಿಯಿಂದ ಅಂಗಡಿಗೆ, ಅಂಗಡಿಯಿಂದ ಗಿರಾಕಿಗೆ, ಗಿರಾಕಿಯಿಂದ ಅಕ್ಕಸಾಲಿಗನಿಗೆ ಹಾಗೇ ಹೋಗುತ್ತಿತ್ತು. ಬಿಚ್ಚಿದರೆ ಅವಳ ಮಾತನ್ನೇ ಅನುಮಾನಿಸಿದಂತೆ.

ಕೊಳ್ಳಲು ಬಂದವರಿಗೆ ಅವಳು ಬರೀ ಹೌದು, ಅಲ್ಲ ಎಂದು ಹೇಳಿ ಕಳಿಸಿದವಳಲ್ಲ. ಒಮ್ಮೆ ದರ್ಜಿಯೊಬ್ಬ ಹೆಂಡತಿಯ ಉಂಗುರಕ್ಕೆಂದು ಹರಳು ತಂದು, ಮಸೂರದಲ್ಲಿ ಇಣುಕಿ ಮುಖ ಹುಳ್ಳಗೆ ಮಾಡಿಕೊಂಡ.

"ಅಕ್ಕಾ, ಇದರೊಳಗೆ ಕೂದಲೆಳೆ ಥರ ಏನೇನೋ ಇದೆ. ಕೆಟ್ಟ ಮಾಲು ಅಲ್ವಾ?"

"ನಿಮ್ಮ ಮಂಡಿ ತೋರಿಸಿ ನೋಡೋಣ."

"ಮಂಡೀನಾ?"

"ಚಿಕ್ಕಂದಿನಲ್ಲಿ ಬಿದ್ದು ಗಾಯ ಆದ ಗುರುತಿಲ್ವಾ? ಹಂಗೇ ಇದು. ನೆಲದೊಳಗೆ ಬೆಳೆದ ಕಲ್ಲಿಗೆ ಆ ಎಳೆಗಳೇ ಗುರುತು. ಒಳಗೆ ಏನೂ ಇಲ್ದೆ ನೀರಿನ ಹಾಗಿದ್ರೆ ಆಗ ಭಯಪಡಿ. ಒಳಗೆ ದುಂಡನೆ ಗುಳ್ಳೆ ಕಂಡ್ರೆ, ಹೊರಳಿಸಿದಾಗ ಬಿರುಕಿನಲ್ಲಿ ನೀಲಿ ಬಣ್ಣ ಪಳಕ್ಕಂತ ಹೊಳೆದ್ರೆ, ಕಲ್ಲನ್ನ ಅಲ್ಲೇ ಇಟ್ಟು ಎದ್ದು ಬನ್ನಿ. ಬಿರುಕಿಗೆ ಗಾಜು ಕಾಯಿಸಿ ತುಂಬಿರ್ತಾರೆ."

"ಮತ್ತೆ ಆ ಅಂಗಡೀಲಿ ಇದಕ್ಕಿಂತ ಬೆಂಕಿ ಥರ ಕಾಣ್ತಿತ್ತಲ್ಲ?"

"ಹಳದಿ ಬಲ್ಬಿನ ಕೆಳಗೆ ನನ್ನ ಮುಖಾನೂ ಚಂದ ಕಾಣುತ್ತೆ. ಕೆಂಪನ್ನ ಹಗಲಲ್ಲಿ, ಬಿಳಿ ಕಾಗದದ ಮೇಲೆ ನೋಡಬೇಕು."

ಮೂಲೆಯಲ್ಲಿ ಕೂತಿದ್ದ ಅವಳ ತಮ್ಮ ಕಿಸಕ್ಕನೆ ನಕ್ಕ. "ಅಕ್ಕ ಹೀಗೇ ಎಲ್ರಿಗೂ ಪಾಠ ಹೇಳ್ತಾ ಹೋದ್ರೆ ನಾಳೆ ನಮ್ಮ ಹತ್ರ ಯಾರು ಬರ್ತಾರೆ?"

ತಮ್ಮ ಅವಳಿಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವನು. ತಾಯಿ ಕಣ್ಣುಮುಚ್ಚಿದಾಗ ಇನ್ನೂ ಸರಿಯಾಗಿ ಮಾತು ಬಾರದ ಕೂಸು. ಅವಳು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಔಷಧಿ ಅಂಗಡಿಯ ಚೂರು ಕಾಗದಗಳೇ ಅವನ ಆಟಿಕೆ. ಅವಳ ಏಳು ಮಡಿಕೆಯನ್ನು ಅವನು ಆರು ವರ್ಷದವನಿದ್ದಾಗಲೇ ಕಲಿತ. ಮುಂದೆ ಹರಳನ್ನೂ ಕಲಿತ. ಅವನ ಕಣ್ಣು ಅವಳ ಕಣ್ಣಿಗಿಂತ ಒಂದು ಕೂದಲೆಳೆ ಚುರುಕೇ ಎಂದು ಅವಳು ಗಂಡನ ಮುಂದೆ ಹೇಳಿಕೊಂಡು ಹಿಗ್ಗುತ್ತಿದ್ದಳು. ಬೀದಿಯವರೂ ಅವನನ್ನು ತಮ್ಮ ಎಂದೇ ಕರೆಯುತ್ತಿದ್ದರು. ಅವನು ಸ್ವಂತಕ್ಕೆ ಹರಳು ಕೊಂಡು ಮಾರುವ ವ್ಯಾಪಾರ ಹಿಡಿದಿದ್ದ. ಮಾತು ಬೆಣ್ಣೆ, ಕಾಲಿಗೆ ಚಕ್ರ.

ಐವತ್ತೆಂಟರಲ್ಲಿ ಅವಳ ಕಣ್ಣಿಗೆ ಪೊರೆ ಬಂತು. ಎರಡೂ ಕಣ್ಣಿಗೆ ಒಂದಾದ ಮೇಲೊಂದು ಆಪರೇಷನ್ ಆಯಿತು. ಎರಡು ತಿಂಗಳು ಮಸೂರ ಮುಟ್ಟಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಕಿಟಕಿಯನ್ನು ಅವಳು ತಮ್ಮನಿಗೆ ಒಪ್ಪಿಸಿದಳು. ಒಪ್ಪಿಸುವಾಗ ಒಂದೇ ಮಾತು ಹೇಳಿದ್ದಳು: "ನೀನು ನೋಡಿದ್ದಕ್ಕೆ ನಿನ್ನ ಮಡಿಕೆ ಹಾಕು ಮಗಾ. ನನ್ನದು ಬೇಡ."

"ಆಯ್ತಕ್ಕ," ಎಂದಿದ್ದ.

ಕೊನೆಯ ಪಟ್ಟಿ ಬಿಚ್ಚಿದ ದಿನ ತಮ್ಮ ಒಂದು ಉಂಗುರ ತಂದ. ಕಡಲೆಕಾಳಿನಷ್ಟು ಕೆಂಪು ಹರಳು ಕೂರಿಸಿತ್ತು. ಅದನ್ನು ತಾನೇ ಅವಳ ಬೆರಳಿಗೆ ತೊಡಿಸಿ, "ಜೀವಮಾನವಿಡೀ ಊರವರ ಕೆಂಪು ನೋಡಿದ್ದಾಯ್ತು. ಇನ್ನು ನಿನ್ನದನ್ನ ನೋಡ್ಕೋ," ಎಂದ. ಅವಳ ಹೊಸ ಕಣ್ಣಿಗೆ ಲೋಕವೆಲ್ಲ ತೊಳೆದಿಟ್ಟಂತೆ ಕಾಣುತ್ತಿತ್ತು, ಅದರ ನಡುವೆ ಈ ಕೆಂಪು. ಅವಳ ಕಣ್ಣು ತುಂಬಿ ಬಂತು. ಕಣ್ಣೀರು ತಾಗಿದರೆ ಕಣ್ಣು ಉರಿದೀತೆಂದು ಗಂಡ ಗದರಿದ.

ಆ ಹರಳನ್ನು ಅವಳು ಮಸೂರದಲ್ಲಿ ನೋಡಲಿಲ್ಲ. ಆಗ ಡಾಕ್ಟರ ಅಪ್ಪಣೆ ಇರಲಿಲ್ಲ, ನಿಜ. ಅಪ್ಪಣೆ ಸಿಕ್ಕ ಮೇಲೂ ನೋಡಲಿಲ್ಲ. ಮನೆಯವರು ಪ್ರೀತಿಯಿಂದ ಕೊಟ್ಟ ಹರಳಿಗೆ ಮಸೂರ ಹಿಡಿಯುವುದೆಂದರೆ ಕೊಟ್ಟವರ ಮುಖಕ್ಕೆ ಹೊಡೆದಂತೆ ಎಂದು ಆ ಬೀದಿಯವರ ಲೆಕ್ಕ. ಹರಳು ಬಲ್ಲವರು ಮಾತ್ರ ಮಾಡಬಹುದಾದ ತಪ್ಪು ಇದು.

ಕಿಟಕಿಗೆ ಮರಳಿ ಮೂರು ವಾರ ಕಳೆದಿರಬೇಕು, ಒಂದು ಬೆಳಿಗ್ಗೆ ಬೀದಿಯ ಕೊನೆಯಲ್ಲಿದ್ದ ಅಕ್ಕಸಾಲಿಗ ಹದಿನಾಲ್ಕು ಮೆಟ್ಟಿಲು ಹತ್ತಿ ಬಂದ. ಎಂದೂ ಅಂಗಡಿ ಬಿಟ್ಟು ಅಲ್ಲಾಡದ ಮನುಷ್ಯ. ಕೂರಿ ಅಂದರೂ ಕೂರಲಿಲ್ಲ. ಜೇಬಿನಿಂದ ಒಂದು ಉಂಗುರ ತೆಗೆದು ಬಿಳಿ ಕಾಗದದ ಮೇಲಿಟ್ಟ.

ಕೆಂಪು ಹರಳೇ. ಆದರೆ ಮೈಯೆಲ್ಲ ಬೆಳ್ಳಗಿನ ಗೀರು, ಜೇಡ ಬಲೆ ನೇಯ್ದಂತೆ.

"ಉಂಗುರ ಸಡಿಲ ಆಗಿದೆ ಅಂತ ತಂದಿದ್ರು ಅಕ್ಕ. ಬೆಸುಗೆಗೆ ಬೆಂಕಿ ತೋರಿಸ್ದೆ. ಒಳ್ಳೆ ಕೆಂಪು ನನ್ನ ಬೆಂಕಿಗೆ ಹೆದರೋದಿಲ್ಲ, ನಿಮಗೆ ಗೊತ್ತು. ಇದು ನೋಡ್ತಾ ನೋಡ್ತಾ ಹಿಂಗಾಯ್ತು. ಈಗ ಆ ಗಿರಾಕಿ ನಾನೇ ಹರಳು ಬದಲಾಯಿಸ್ದೆ ಅಂತ ಬೀದಿ ತುಂಬ ಕೂಗಾಡ್ತಿದ್ದಾನೆ. ನಲವತ್ತು ವರ್ಷ ಆಯ್ತು ನಾನು ಒಲೆ ಮುಂದೆ ಕೂತು. ಕಳ್ಳ ಅನ್ನಿಸ್ಕೊಂಡಿರಲಿಲ್ಲ."

"ಗಾಜು ತುಂಬಿದ ಕಲ್ಲು ಅಣ್ಣಾ ಇದು. ಎಲ್ಲಿ ಕೊಂಡ್ರಂತೆ?"

ಅಕ್ಕಸಾಲಿಗ ಇನ್ನೊಂದು ಜೇಬಿಗೆ ಕೈಹಾಕಿದ. ಬಿಚ್ಚಿದ ಕಾಗದವೊಂದನ್ನು ಹರವಿ ಇಟ್ಟ. "ಕೂರಿಸಕ್ಕೆ ತಂದಾಗ ಇದರಲ್ಲಿತ್ತು. ನಿಮ್ಮ ಮಡಿಕೆ ಅಂತ ಎಸೀದೆ ಇಟ್ಕೊಂಡಿದ್ದೆ."

ಅವಳು ಕಾಗದ ಮುಟ್ಟಿದಳು. ಏಳು ಗೆರೆ. ಮೂಲೆಯಲ್ಲಿ ಉಗುರಿನ ಗೀರು. ಎಷ್ಟೋ ಜನ ಆ ಮಡಿಕೆಯನ್ನು ನಕಲು ಮಾಡಲು ಹೋಗಿ ಕೈಚೆಲ್ಲಿದ್ದರು, ಯಾರಿಗೂ ಆ ಮೂಲೆ ಕೂರುತ್ತಿರಲಿಲ್ಲ. ಇದು ಕೂತಿತ್ತು. ಒಂದಿಷ್ಟು ಸೊಟ್ಟಗಿದ್ದಿದ್ದರೆ ಅವಳಿಗೆ ಎಷ್ಟು ಸಮಾಧಾನವಾಗುತ್ತಿತ್ತೋ! ಆ ಮೂಲೆಯನ್ನು ಹಾಗೆ ಸಿಕ್ಕಿಸಬಲ್ಲ ಕೈಗಳು ಈ ಲೋಕದಲ್ಲಿ ಎರಡೇ ಜೊತೆ.

"ಆ ಗಿರಾಕಿಯನ್ನ ಇಲ್ಲಿಗೆ ಕಳಿಸಿ ಅಣ್ಣಾ," ಎಂದಳು. "ನೀವು ಬದಲಾಯಿಸಿಲ್ಲ ಅಂತ ನಾನು ಹೇಳ್ತೀನಿ."

"ಮತ್ತೆ ಯಾರು ಅಂತ ಕೇಳಿದ್ರೆ?"

ಅವಳು ಗಿಡದ ಕಡೆ ತಿರುಗಿ ಕೂತಳು.

ಭಾನುವಾರ ತಮ್ಮನನ್ನು ಮನೆಗೆ ಕರೆಸಿದಳು. ಅಡುಗೆಮನೆಯ ಮೇಜಿನ ಸುತ್ತ ಮೂವರು: ಅವಳು, ತಮ್ಮ, ಬೆಳಗಿನ ಪತ್ರಿಕೆಯನ್ನು ಸಂಜೆಯವರೆಗೂ ಓದುವ ಗಂಡ. ತಮ್ಮನ ಮುಂದೆ ಟೀ ಇಟ್ಟು, ಪಕ್ಕದಲ್ಲಿ ಆ ಕಾಗದವನ್ನೂ ಇಟ್ಟಳು.

ತಮ್ಮ ಕಾಗದ ನೋಡಿದ. ಲೋಟ ಕೈಯಲ್ಲೇ ನಿಂತಿತು.

"ಹೌದಕ್ಕ, ನಾನೇ ಹಾಕಿದ್ದು," ಎಂದ. ಅಷ್ಟು ಬೇಗ ಒಪ್ಪಿಕೊಂಡಾನೆಂದು ಅವಳು ಎಣಿಸಿರಲಿಲ್ಲ. "ಏನ್ಮಾಡ್ಲಿ? ನನ್ನ ಮಡಿಕೆ ಹಾಕಿ ಕೊಟ್ರೆ ಯಾರೂ ಮುಟ್ತಿರಲಿಲ್ಲ. ಅಕ್ಕಂದು ಇಲ್ವಾ, ಅಕ್ಕಂದು ಇಲ್ವಾ ಅಂತ ಪ್ರಾಣ ತಿಂದ್ರು. ನೋಡೋದು ನಾನು ಸರಿಯಾಗೇ ನೋಡಿದ್ದೆ. ಮಡಿಕೆ ಯಾರದಾದ್ರೇನು ಅಂದ್ಕೊಂಡೆ. ಅದು ತಪ್ಪು. ಬೈಯಿ, ಬೈಸ್ಕೋತೀನಿ."

"ಸರಿಯಾಗಿ ನೋಡಿದ್ದು ಗಾಜು ಹೇಗಾಯ್ತು?"

"ನಾನೂ ಮೋಸಹೋದೆ ಅಕ್ಕ! ಹೊರಗಿನ ವ್ಯಾಪಾರಿ ಒಬ್ಬ ನಲವತ್ತು ಹರಳಿನ ಗಂಟು ತಂದಿದ್ದ, ನಾನೇ ಕೊಂಡು ಮಾರ್ದೆ. ಈಗಿನ ಗಾಜು ಎಂಥದು ಗೊತ್ತಾ? ಗುಳ್ಳೆ ಇಲ್ಲ, ನೀಲಿ ಇಲ್ಲ. ದೇವರಾಣೆ, ನನ್ನ ಕಣ್ಣಿಗೆ ಮಣ್ಣೆರಚಿಬಿಟ್ಟ."

ಗಂಡ ಪತ್ರಿಕೆ ಕೆಳಗಿಟ್ಟ. "ಹೋಗ್ಲಿ ಬಿಡೇ. ನಿನ್ನಂಥವಳೂ ಒಮ್ಮೊಮ್ಮೆ ಎಡವಿಲ್ವಾ? ನನಗಂತೂ ಇವತ್ತಿಗೂ ನಿಮ್ಮ ಹರಳಿಗೂ ದಾಳಿಂಬೆ ಬೀಜಕ್ಕೂ ವ್ಯತ್ಯಾಸ ಗೊತ್ತಾಗಲ್ಲ."

ತಾನು ಎತ್ತಿ ಬೆಳೆಸಿದವನ ಮುಖ ಎದುರಿಗಿತ್ತು. ಮೋಸಹೋದವನನ್ನು ಕ್ಷಮಿಸಬಹುದು, ಬೀದಿಯ ಮುಂದೆ ಅವನ ಪರವಾಗಿ ತಲೆತಗ್ಗಿಸಿ ನಿಲ್ಲಬಹುದು. ನನ್ನ ತಮ್ಮನಿಗೆ ಗೊತ್ತಾಗಲಿಲ್ಲ ಎಂದು ಹೇಳಿದರೆ ನಾಚಿಕೆಯಾದೀತು, ಎದೆ ಒಡೆಯುವುದಿಲ್ಲ. ಗೊತ್ತಿದ್ದೂ ಮಾಡಿದ್ದನೋ, ಗೊತ್ತಿಲ್ಲದೆಯೋ? ಅವಳಿಗೆ ಬೇಕಾದದ್ದು ಅದೊಂದೇ ಉತ್ತರ.

ತಮ್ಮನಿಗೂ ಅದು ತಿಳಿದಿತ್ತು. ಮುಂದಕ್ಕೆ ಬಾಗಿ ಅವಳ ಕೈ ಹಿಡಿದುಕೊಂಡ. "ಇದನ್ನ ನೋಡು. ನಿನ್ನ ಬೆರಳಲ್ಲಿರೋದೂ ಅದೇ ಗಂಟಿಂದು. ಗಾಜು ಅಂತ ಗೊತ್ತಿದ್ದಿದ್ರೆ ನಿನ್ನ ಕೈಗೆ ತೊಡಿಸ್ತಿದ್ನಾ? ನೀನು ನನ್ನ ಅಮ್ಮ ಅಲ್ವಾ?"

ಅವಳು ಉಂಗುರ ನೋಡಿದಳು. ತೊಟ್ಟಂದಿನಿಂದ ಪಾತ್ರೆ ತೊಳೆಯುವಾಗಲೂ ತೆಗೆದಿರಲಿಲ್ಲ.

"ಹಾಗಾದ್ರೆ ಇದೂ ಗಾಜೇ," ಎಂದಳು.

"ಪಾಪ," ಎಂದ ಗಂಡ.

ಅವಳು ಎದ್ದಳು. ಬುಟ್ಟಿಯಿಂದ ಒಂದು ನಿಂಬೆಹಣ್ಣು ತೆಗೆದು, ಕೊಯ್ದು, ಬಟ್ಟಲಿಗೆ ಹಿಂಡಿದಳು. ತುಂಬಿದ ಗಾಜನ್ನು ಹುಳಿ ಒಂದು ರಾತ್ರಿಯಲ್ಲಿ ತಿಂದುಹಾಕುತ್ತದೆ, ಬೆಳಗಾಗುವಷ್ಟರಲ್ಲಿ ಬಿರುಕುಗಳೆಲ್ಲ ಬೆಳ್ಳಗೆ ಎದ್ದು ಕಾಣುತ್ತವೆ. ನಿಜವಾದ ಕೆಂಪಿಗೆ ಹುಳಿ ಏನೂ ಮಾಡದು. ಸೋಪು ಹಚ್ಚಿ ಉಂಗುರ ಬಿಡಿಸಿಕೊಂಡಳು. ಅದನ್ನು ಬಟ್ಟಲಿನ ಮೇಲೆ ಹಿಡಿದಾಗ ಗಂಡ ಗಾಬರಿಯಾಗಿ ಅವಳ ಮಣಿಕಟ್ಟು ಹಿಡಿದ.

"ಬೇಡ ಕಣೇ! ಹಾಳಾಗಿಹೋಗುತ್ತೆ. ಗಾಜೋ ಗೀಜೋ, ಬೆರಳಿಗೆ ಚಂದ ಕಾಣ್ತಿದೆ. ಇರ್ಲಿ ಬಿಡು, ನಿನ್ನ ತಮ್ಮ ಕೊಟ್ಟದ್ದು."

ತಮ್ಮ ಟೀಯ ಕೊನೆಯ ಗುಟುಕು ಕುಡಿಯುತ್ತಿದ್ದ. ತಲೆಯೆತ್ತದೆ, ಭಾವನಿಗೆ ಸಮಾಧಾನ ಹೇಳುವ ದನಿಯಲ್ಲಿ ಅಂದ:

"ಹಾಕ್ಲಿ ಬಿಡಿ ಭಾವ. ಅದಕ್ಕೇನೂ ಆಗಲ್ಲ."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ತಮ್ಮ ಲೋಟ ಕೆಳಗಿಟ್ಟ. ಇಟ್ಟ ಮೇಲೆ ತಾನು ಆಡಿದ ಮಾತು ಅವನಿಗೇ ಕೇಳಿಸಿತು.

ಹರಳು ಎಂದರೆ ದಾಳಿಂಬೆ ಬೀಜ ಎನ್ನುವ ಗಂಡ ಹೆದರಿದ್ದ. ತಾನೂ ಮೋಸಹೋದೆ ಎಂದು ಆಣೆ ಹಾಕಿದವನು ಹೆದರಲಿಲ್ಲ.

"ಹೇಗೆ ಗೊತ್ತು?" ಎಂದಳು ಅವಳು.

"ಅಲ್ಲ... ಅಂದ್ರೆ, ನನಗನ್ನಿಸ್ತು..."

"ನಲವತ್ತರಲ್ಲಿ ಒಂದು ಒಳ್ಳೇದಿತ್ತು. ಅದನ್ನ ಆರಿಸಿ ನನಗೆ ತಂದೆ."

ತಮ್ಮನ ಕಣ್ಣು ಮೇಜಿನ ಮೇಲೆ ಅತ್ತಿತ್ತ ಓಡಿತು, ಎಲ್ಲೂ ನಿಲ್ಲಲಿಲ್ಲ. "ನಿನಗೆ ನಾನು ಮೋಸ ಮಾಡಿಲ್ಲ ಅಕ್ಕ. ನಿನಗೆ ಅಂತ ಬಂದಾಗ ಇದ್ದಿದ್ದರಲ್ಲೇ ಒಳ್ಳೇದನ್ನ ಕೊಟ್ಟೆ."

"ಉಳಿದ ಮೂವತ್ತೊಂಬತ್ತು?"

"ಊರವರು ನಿನಗೇನಾಗ್ಬೇಕು?"

"ಅವರು ನಿನ್ನ ಹತ್ರ ಕೊಂಡ್ಕೊಂಡಿಲ್ವಲ್ಲ ಮಗಾ. ನನ್ನ ಹತ್ರ ಕೊಂಡ್ಕೊಂಡಿದ್ದು."

ಗಂಡನಿಗೆ ಆಗ ಅರ್ಥವಾಯಿತು. ಅವಳ ಮಣಿಕಟ್ಟು ಬಿಟ್ಟ. ಅವಳು ಉಂಗುರವನ್ನು ಹುಳಿಯಲ್ಲಿ ಬಿಟ್ಟಳು. ತಮ್ಮ ಚಪ್ಪಲಿ ಮೆಟ್ಟಿಕೊಂಡು, ಬಾಗಿಲಲ್ಲಿ ಒಮ್ಮೆ ನಿಂತು, ಹೊರಟುಹೋದ.

ಮರುದಿನ ಬೆಳಿಗ್ಗೆ ಅವಳು ಬಟ್ಟಲನ್ನೇ ಎತ್ತಿಕೊಂಡು ಕಿಟಕಿಗೆ ಹೋದಳು. ಉಂಗುರ ತೊಳೆದು, ಬಿಳಿ ಕಾಗದದ ಮೇಲಿಟ್ಟು, ಮಸೂರ ಕಣ್ಣಿಗೆ ಹಿಡಿದಳು. ನಲವತ್ತು ವರ್ಷದಲ್ಲಿ ಎಷ್ಟೋ ಹರಳು ನಿಜವಾಗಿರಲೆಂದು ಕೊಳ್ಳುವವರ ಜೊತೆ ತಾನೂ ಹಾರೈಸಿದ್ದಳು. ಒಂದು ಹರಳು ಸುಳ್ಳಾಗಿರಲಿ, ಬೆಳ್ಳಗಾಗಿರಲಿ, ಬಲೆ ಕಟ್ಟಿರಲಿ ಎಂದು ಬೇಡಿಕೊಂಡದ್ದು ಅದೇ ಮೊದಲು. ಗಾಜಾಗಿದ್ದಿದ್ದರೆ, ಬಾಯ್ತಪ್ಪಿ ಆಡಿದ ಮಾತು ಅದು ಎಂದುಕೊಳ್ಳಬಹುದಿತ್ತು.

ಹರಳು ಕೆಂಪಗೆ ಉರಿಯುತ್ತಿತ್ತು. ಒಳಗೆ ರೇಷ್ಮೆಯಂಥ ಸಣ್ಣ ಎಳೆಗಳು ಒಂದನ್ನೊಂದು ಹಾಯ್ದು ಮಲಗಿದ್ದವು. ಒಂದು ಕಡೆಯಿಂದ ನೋಡಿದರೆ ಬಣ್ಣದಲ್ಲಿ ನೇರಳೆಯ ಛಾಯೆ, ಇನ್ನೊಂದು ಕಡೆಯಿಂದ ಕಿತ್ತಳೆಯದು, ನಿಜವಾದ ಕೆಂಪಿನಲ್ಲಿ ಇರಬೇಕಾದಂತೆಯೇ. ಆ ಗಾತ್ರದಲ್ಲಿ ಅಷ್ಟು ಒಳ್ಳೆಯ ಹರಳು ಅವಳ ಕೈಗೆ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಅವಳು ಎಲೆಗಳ ಕಡೆ ತಿರುಗಿದಳು. ಎಷ್ಟು ಹೊತ್ತು ನೋಡಿದರೂ ಕಣ್ಣು ತಣಿಯಲಿಲ್ಲ.

ಅವತ್ತೇ ಅವಳು ಬೀದಿಗಿಳಿದಳು. ಅಂಗಡಿ ಅಂಗಡಿಯ ಮುಂದೆ ನಿಂತು ಒಂದೇ ಮಾತು ಹೇಳಿದಳು: ನನ್ನ ಕಣ್ಣು ಕಟ್ಟಿದ್ದ ಎರಡು ತಿಂಗಳಲ್ಲಿ ಬಂದ ಪೊಟ್ಟಣಗಳು ನನ್ನವಲ್ಲ, ತನ್ನಿ, ನೋಡಿಕೊಡುತ್ತೇನೆ. ಕೆಲವರು ಲೊಚಗುಟ್ಟಿದರು. ಕೆಲವರು ಮುಖ ತಿರುಗಿಸಿದರು. ಒಬ್ಬ ವ್ಯಾಪಾರಿ ಅಂಗಡಿ ತುಂಬ ಜನರಿರುವಾಗಲೇ ಅಂದ: "ತಮ್ಮನ ಕೈಲಿ ಮಾಡಿಸಿ ಅಕ್ಕ ಕೈ ತೊಳ್ಕೊಂಡ್ಲು ಅಂತಾರೆ. ಹಾಗಲ್ಲ ಅಂತ ಹೇಳೋಕೆ ಏನಿದೆ ನಿಮ್ಮ ಹತ್ರ?" ಅವಳು ಮುಂದಿನ ಅಂಗಡಿಗೆ ನಡೆದಳು. ಮೂವತ್ತೊಂಬತ್ತರಲ್ಲಿ ಇಪ್ಪತ್ತಾರು ಹರಳು ವಾಪಸು ಬಂದವು. ಎಲ್ಲವೂ ಗಾಜು. ಅವುಗಳಲ್ಲಿ ಗುಳ್ಳೆ ಇತ್ತು, ಹೊರಳಿಸಿದರೆ ನೀಲಿಯೂ ಹೊಳೆಯುತ್ತಿತ್ತು. ಆರು ತಿಂಗಳು ಕೆಲಸ ಕಲಿತವರೂ ಹಿಡಿಯಬಹುದಾದಷ್ಟು.

ಅಕ್ಕಸಾಲಿಗನ ಮೇಲಿನ ಅಪವಾದ ಹೋಯಿತು. ಅವನು ಮಾತ್ರ ಅವಳಿಗೆ ಕುರ್ಚಿ ಹಾಕಿದ. ತಮ್ಮ ಪಕ್ಕದ ಬೀದಿಯಲ್ಲಿ ಹಳದಿ ಬಲ್ಬು ಹಾಕಿಕೊಂಡು ಅಂಗಡಿ ತೆರೆದ. ವ್ಯಾಪಾರ ಚೆನ್ನಾಗಿಯೇ ಇದೆಯಂತೆ.

ಅವಳು ಈಗಲೂ ಕಿಟಕಿಯ ಬಳಿ ಕೂರುತ್ತಾಳೆ. ಆದರೆ ಪೊಟ್ಟಣ ಕಟ್ಟುವುದಿಲ್ಲ. ಹರಳುಗಳನ್ನು ಬಿಳಿ ತಟ್ಟೆಯಲ್ಲಿ ತೆರೆದಿಟ್ಟು, ಕೊಳ್ಳುವವರ ಕೈಗೇ ಮಸೂರ ಕೊಡುತ್ತಾಳೆ. "ಒಂದು ಮಡಿಕೆ ಹಾಕಿಕೊಡಿ ಅಕ್ಕ, ಧೈರ್ಯಕ್ಕೆ," ಎಂದು ಹಳಬರು ಗೋಗರೆಯುತ್ತಾರೆ. "ಧೈರ್ಯ ನಿಮ್ಮ ಕಣ್ಣಿಗೆ ಬರ್ಲಿ. ನೀವೇ ನೋಡಿ," ಎನ್ನುತ್ತಾಳೆ. ಅರ್ಧಕ್ಕರ್ಧ ಜನ ಬರುವುದನ್ನೇ ಬಿಟ್ಟರು. ಗಂಡ ಮಧ್ಯಾಹ್ನ ಊಟದ ಡಬ್ಬಿ ತಂದು, ಖಾಲಿ ಕುರ್ಚಿಗಳನ್ನು ನೋಡಿ, "ಒಂದು ಬಸ್ಸಾದ್ರೂ ಇಷ್ಟು ಖಾಲಿ ಓಡಿದ್ದು ನಾನು ನೋಡಿಲ್ಲ," ಎಂದು ಅವಳನ್ನು ನಗಿಸಲು ನೋಡುತ್ತಾನೆ.

ಉಂಗುರವನ್ನು ಅವಳು ಮತ್ತೆ ಬೆರಳಿಗೆ ಹಾಕಲಿಲ್ಲ. ಎಸೆಯಲೂ ಇಲ್ಲ. ಅದು ಮೇಜಿನ ಖಾನೆಯಲ್ಲಿದೆ. ಹೊಸದಾಗಿ ಕೊಳ್ಳಲು ಬಂದ ಯಾರಾದರೂ, ಒಳ್ಳೆಯ ಕೆಂಪು ಎಂದರೆ ಹೇಗಿರುತ್ತದೆ ಒಮ್ಮೆ ತೋರಿಸಿ ಎಂದು ಕೇಳಿದರೆ ಅದನ್ನೇ ತೆಗೆದು ಬಿಳಿ ಕಾಗದದ ಮೇಲಿಡುತ್ತಾಳೆ. ಎಳೆಗಳನ್ನು, ಎರಡು ಬಣ್ಣವನ್ನು ತೋರಿಸಿಕೊಡುತ್ತಾಳೆ. ಮೊನ್ನೆ ಹೀಗೇ ಬಂದ ಮದುಮಗಳೊಬ್ಬಳು ಮಸೂರದಿಂದ ಕಣ್ಣು ಕೀಳಲಾರದೆ ಕೇಳಿದಳು:

"ಎಷ್ಟು ಚಂದ ಇದೆ ಅಕ್ಕ! ಇದನ್ನ ಯಾರು ಆರಿಸಿದ್ದು?"

"ನನ್ನ ತಮ್ಮ," ಎಂದಳು ಕಿಟಕಿಯಕ್ಕ. "ಅವನ ಕಣ್ಣು ಬಹಳ ಚುರುಕು."